ಉತ್ತರ ಬೇಗ ಸಿಗುವ ದಾರಿ ಯಾವುದು? ಮಲೆನಾಡಿನಲ್ಲಿ ಕೆಲಸ ಹುಡುಕುವವರಿಗೆ ಒಂದು ಹೋಲಿಕೆ

ಪದವಿ ಮುಗಿದು ಅಂಕಪಟ್ಟಿ ಕೈಗೆ ಬಂದ ಮೇಲೆ ಶಿವಮೊಗ್ಗ ಜಿಲ್ಲೆಯ ಯುವಕ ಯುವತಿಯರ ಮುಂದೆ ಐದಾರು ದಾರಿಗಳಿರುತ್ತವೆ. ಸರ್ಕಾರಿ ಪರೀಕ್ಷೆಗೆ ಕೂರುವುದು, ಉದ್ಯೋಗ ಜಾಲತಾಣಗಳಲ್ಲಿ ಅರ್ಜಿ ಹಾಕುವುದು, ಗುರುತು ಪರಿಚಯದವರನ್ನು ಕೇಳುವುದು, ಸ್ವವಿವರ ಹಿಡಿದು ನೇರವಾಗಿ ಕಂಪನಿಗಳಿಗೆ ಹೋಗುವುದು, ಉದ್ಯೋಗ ಮೇಳದಲ್ಲಿ ಸಾಲು ನಿಲ್ಲುವುದು, ಇಲ್ಲವೇ ರಾತ್ರಿ ಬಸ್ಸು ಹತ್ತಿ ಬೆಂಗಳೂರು ಸೇರುವುದು. ಯಾವುದು ಸರಿ ಎಂದು ಮನೆಯಲ್ಲಿ ಕೇಳಿದರೆ ತಲೆಗೊಂದು ಮಾತು. ಅಪ್ಪನಿಗೆ ಸರ್ಕಾರಿ ಕೆಲಸವೇ ಕೆಲಸ. ಬೆಂಗಳೂರಿನಲ್ಲಿರುವ ಭಾವನ ಪ್ರಕಾರ ಊರಿನಲ್ಲಿ ಉಳಿದವರು ಕೆಟ್ಟರು. ಅಮ್ಮನಿಗೆ ಮಗಳು ವಾರಕ್ಕೊಮ್ಮೆ ಮನೆಗೆ ಬರುವಷ್ಟು ದೂರದಲ್ಲಿದ್ದರೆ ಸಾಕು.

ನಾನು ಶಿವಮೊಗ್ಗ ಹತ್ತಿರದ ಮಾಚೇನಹಳ್ಳಿಯಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಸಣ್ಣ ಘಟಕವೊಂದರ ಕಚೇರಿಯಲ್ಲಿದ್ದೇನೆ. ಕೆಲಸ ಕೇಳಿ ಬರುವ ಅರ್ಜಿಗಳನ್ನು ಮೊದಲು ತೆರೆಯುವುದು ನಾನೇ. ಆ ಕಡೆಯಿಂದ ನೋಡಿದಾಗ ಈ ದಾರಿಗಳನ್ನು ಹೋಲಿಸಲು ನನಗೆ ಕಾಣುವ ಅಳತೆ ಒಂದೇ: ಇದರಲ್ಲಿ ಉತ್ತರ ಎಷ್ಟು ದಿನಕ್ಕೆ ಬರುತ್ತದೆ? ಉತ್ತರ 'ಇಲ್ಲ' ಎಂದಾದರೂ ಚಿಂತೆಯಿಲ್ಲ. ಲೆಕ್ಕಪತ್ರ ಬರುವುದಿಲ್ಲವೆಂದು ಬೇಡವೆಂದರೋ, ಸಂಬಳ ಹೆಚ್ಚು ಕೇಳಿದೆನೆಂದು ಬೇಡವೆಂದರೋ ಗೊತ್ತಾದರೆ ಮುಂದಿನ ಸಲ ತಿದ್ದಿಕೊಳ್ಳಬಹುದು. ಮೌನದಿಂದ ತಿದ್ದಿಕೊಳ್ಳುವುದು ಏನನ್ನು? ಕೆಲಸ ಹುಡುಕುವವರ ಉತ್ಸಾಹ ಇಳಿಯುವುದು ಸೋಲಿನಿಂದ ಎಂದು ನಾವು ಭಾವಿಸುತ್ತೇವೆ. ನಾನು ಕಂಡ ಮಟ್ಟಿಗೆ ಅವರನ್ನು ಕುಗ್ಗಿಸುವುದು ಉತ್ತರವೇ ಬಾರದ ತಿಂಗಳುಗಳು.

ಸರ್ಕಾರಿ ಪರೀಕ್ಷೆ

ಈ ಅಳತೆಯಲ್ಲಿ ಅತಿ ನಿಧಾನದ ದಾರಿ ಇದೇ. ಎಷ್ಟು ನಿಧಾನ ಎಂಬುದಕ್ಕೆ ದೂರದ ಉದಾಹರಣೆ ಬೇಕಿಲ್ಲ. ರಾಜ್ಯದ 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಲಿಖಿತ ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ಅದು ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ತಪ್ಪು ಮಾಡದವರೂ ಅಷ್ಟು ಕಾಲ ಕಾದರು. ಕೆಪಿಎಸ್‌ಸಿಯ 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳ ಪೂರ್ವಭಾವಿ ಪರೀಕ್ಷೆ 2024ರ ಆಗಸ್ಟ್‌ನಲ್ಲಿ ನಡೆಯಿತು. ಕನ್ನಡ ಪ್ರಶ್ನೆಗಳ ಅನುವಾದ ಕೆಟ್ಟಿದ್ದರಿಂದ ಅದೇ ಡಿಸೆಂಬರ್‌ನಲ್ಲಿ ಮತ್ತೆ ಬರೆಸಿದರು. ಇನ್ನು ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನವಾಗುವವರೆಗೆ ಹೊಸ ಅಧಿಸೂಚನೆ ಬೇಡವೆಂದು 2024ರ ಅಕ್ಟೋಬರ್‌ನಲ್ಲಿ ಸಚಿವ ಸಂಪುಟ ನಿರ್ಧರಿಸಿತು. ಆಗ ಓದುತ್ತಿದ್ದವರಿಗೆ ಪುಸ್ತಕ ಮುಚ್ಚಬೇಕೋ ತೆರೆದಿಡಬೇಕೋ ತಿಳಿಯದಾಯಿತು.

ಹಾಗೆಂದು ಈ ದಾರಿ ಬೇಡ ಎನ್ನುವವನು ನಾನಲ್ಲ. ನಿವೃತ್ತಿಯವರೆಗಿನ ಭದ್ರತೆ, ಊರಿನ ಹತ್ತಿರದ ತಾಲ್ಲೂಕಿಗೆ ವರ್ಗ ಕೇಳುವ ಅವಕಾಶ, ಹೆಣ್ಣುಮಕ್ಕಳಿಗೆ ಹೆರಿಗೆ ರಜೆ, ಇವೆಲ್ಲ ಖಾಸಗಿಯಲ್ಲಿ ಸುಲಭವಾಗಿ ಸಿಗುವುದಿಲ್ಲ. ಆದರೆ ಸರ್ಕಾರಿ ಪರೀಕ್ಷೆಗಳಲ್ಲೇ ಎರಡು ಬಗೆಯಿದೆ ಎಂಬುದನ್ನು ಗಮನಿಸಿ. ಬ್ಯಾಂಕ್ ನೇಮಕಾತಿಯ ಐಬಿಪಿಎಸ್ ಪರೀಕ್ಷೆಗಳಿಗೆ ವರ್ಷದ ಆರಂಭದಲ್ಲೇ ವೇಳಾಪಟ್ಟಿ ಪ್ರಕಟವಾಗುತ್ತದೆ. ಅರ್ಜಿ, ಪೂರ್ವಭಾವಿ, ಮುಖ್ಯ ಪರೀಕ್ಷೆ, ಅಂತಿಮ ಪಟ್ಟಿ ಎಲ್ಲವೂ ಹೆಚ್ಚುಕಡಿಮೆ ಒಂದು ವರ್ಷದೊಳಗೆ ಮುಗಿಯುತ್ತವೆ. ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಯನ್ನು 2019ರಿಂದ ಕನ್ನಡದಲ್ಲೂ ಬರೆಯಬಹುದು. ಇಂಗ್ಲಿಷಿನ ಭಯದಿಂದ ಬ್ಯಾಂಕಿನ ಕಡೆ ತಲೆಯನ್ನೇ ಹಾಕದ ತೀರ್ಥಹಳ್ಳಿ, ಸೊರಬದ ಎಷ್ಟೋ ಬಿಕಾಂ ಪದವೀಧರರಿಗೆ ಇದು ಗೊತ್ತಿಲ್ಲ. ರಾಜ್ಯದ ಹುದ್ದೆಗಳು ಅಧಿಸೂಚನೆ ಬಂದಾಗ ಬರುತ್ತವೆ, ಬಾರದಿದ್ದರೆ ಇಲ್ಲ. ಸಿದ್ಧತೆಯಲ್ಲಿ ಸಾಮಾನ್ಯ ಜ್ಞಾನ, ಮಾನಸಿಕ ಸಾಮರ್ಥ್ಯ, ಗಣಿತ ಒಂದಿಷ್ಟು ಎರಡಕ್ಕೂ ಹೊಂದುತ್ತದೆ. ಹಾಗಾಗಿ ವೇಳಾಪಟ್ಟಿ ಇರುವ ಪರೀಕ್ಷೆಯನ್ನು ಮುಖ್ಯವಾಗಿಟ್ಟುಕೊಂಡು, ಇಲ್ಲದ್ದನ್ನು ಬಂದಾಗ ಬರೆಯುವುದು ಜಾಣತನ. ನಮ್ಮಲ್ಲಿ ಬಹುಪಾಲು ಮಂದಿ ಇದನ್ನು ತಿರುಗಾಮುರುಗಾ ಮಾಡುತ್ತಾರೆ.

ಇನ್ನೊಂದು ಮಾತು. ಎಷ್ಟು ಕಾಲ ಓದುತ್ತೀರಿ ಎಂಬುದನ್ನು ಕೂರುವ ಮೊದಲೇ ತೀರ್ಮಾನಿಸಿ, ಮನೆಯವರಿಗೂ ಹೇಳಿ. "ಆಗುವವರೆಗೆ ಓದುತ್ತೇನೆ" ಎನ್ನುವುದು ಛಲದ ಮಾತಿನಂತೆ ಕೇಳುತ್ತದೆ. ಮೂವತ್ತು ದಾಟಿದ ಮೇಲೆ ಅನುಭವದ ಕಾಲಂ ಖಾಲಿಯಿರುವ ಅರ್ಜಿ ನನ್ನ ಮೇಜಿಗೆ ಬಂದಾಗ ಆ ಛಲ ಕಾಣುವುದಿಲ್ಲ, ಖಾಲಿ ಕಾಲಂ ಮಾತ್ರ ಕಾಣುತ್ತದೆ. ಬೆಳಗ್ಗೆ ಓದಿ ಮಧ್ಯಾಹ್ನದ ಮೇಲೆ ನಾಲ್ಕು ಗಂಟೆ ಯಾವುದಾದರೂ ಕಚೇರಿಯಲ್ಲಿ ದುಡಿದವರು ಪರೀಕ್ಷೆಯಲ್ಲಿ ಹಿಂದೆ ಬಿದ್ದುದನ್ನು ನಾನು ಹೆಚ್ಚು ಕಂಡಿಲ್ಲ.

ಉದ್ಯೋಗ ಜಾಲತಾಣಗಳು

ಕಳಿಸುವುದು ಅತಿ ಸುಲಭ, ಉತ್ತರ ಅತಿ ಅಪರೂಪ. ನೌಕ್ರಿ, ಲಿಂಕ್ಡ್‌ಇನ್, ಅಪ್ನಾ ಯಾವುದೇ ಇರಲಿ, ಒಂದು ಗುಂಡಿ ಒತ್ತಿದರೆ ಅರ್ಜಿ ಹೋಗುತ್ತದೆ. ನಿಮಗೆ ಸುಲಭವಾದದ್ದು ಉಳಿದ ಸಾವಿರ ಜನರಿಗೂ ಸುಲಭವೇ. ದೊಡ್ಡ ಕಂಪನಿಗಳಲ್ಲಿ ಮೊದಲ ಜರಡಿ ಹಿಡಿಯುವುದು ಸಾಫ್ಟ್‌ವೇರ್. ಹುದ್ದೆಯ ವಿವರದಲ್ಲಿರುವ ಪದಗಳು ನಿಮ್ಮ ಸ್ವವಿವರದಲ್ಲಿ ಇವೆಯೇ ಎಂದು ಅದು ನೋಡುತ್ತದೆ. ನಮ್ಮಂಥ ಸಣ್ಣ ಘಟಕದಲ್ಲಿ ಆ ಕೆಲಸ ಮನುಷ್ಯರದ್ದೇ, ಆದರೆ ಮನುಷ್ಯರಿಗೂ ಬೇಸರ ಬರುತ್ತದೆ. "ಪ್ರತಿಷ್ಠಿತ ಸಂಸ್ಥೆಯಲ್ಲಿ ಸವಾಲಿನ ಹುದ್ದೆ ಪಡೆಯುವುದು ನನ್ನ ಗುರಿ" ಎಂಬ ಸಾಲು ಎಲ್ಲ ಅರ್ಜಿಗಳ ತಲೆಯ ಮೇಲೂ ಕೂತಿರುತ್ತದೆ. ಎಲ್ಲರೂ ಒಂದೇ ಸೈಬರ್ ಅಂಗಡಿಯಲ್ಲಿ ಮಾಡಿಸಿದ್ದು ಎಂಬುದು ಅಕ್ಷರದಲ್ಲೇ ಗೊತ್ತಾಗುತ್ತದೆ. ಅದರ ಕೆಳಗೆ ಹವ್ಯಾಸ: ಕ್ರಿಕೆಟ್ ನೋಡುವುದು. ಕೊಟ್ಟ ಫೋನ್ ಸಂಖ್ಯೆಗೆ ಕರೆ ಮಾಡಿದರೆ ಅದು ರೀಚಾರ್ಜ್ ಆಗದೆ ನಿಂತಿರುತ್ತದೆ.

ಈ ದಾರಿ ಯಾರಿಗೆ ಒಳ್ಳೆಯದು? ಹುದ್ದೆಯ ಹೆಸರೇ ಕೌಶಲ ಹೇಳುವಂಥವರಿಗೆ: ಸಾಫ್ಟ್‌ವೇರ್ ಡೆವಲಪರ್, ನರ್ಸ್, ಸಿಎನ್‌ಸಿ ಆಪರೇಟರ್, ಟ್ಯಾಲಿ ಬಲ್ಲ ಅಕೌಂಟೆಂಟ್. ಬರೀ 'ಪದವೀಧರ' ಎಂದು ಹುಡುಕುವವರಿಗೆ ಇಲ್ಲಿ ಗುಂಪಿನಲ್ಲಿ ಗೋವಿಂದ. ಬಳಸುವುದಾದರೆ ಕಡಿಮೆ ಅರ್ಜಿ ಹಾಕಿ, ಪ್ರತಿಯೊಂದಕ್ಕೂ ಸ್ವವಿವರದ ಮೊದಲ ಹತ್ತು ಸಾಲು ಬದಲಿಸಿ. ಪ್ರಕಟಣೆ ಬಂದ ಒಂದೆರಡು ದಿನದೊಳಗೆ ಹೋದ ಅರ್ಜಿಗಳನ್ನೇ ನಾವು ಹೆಚ್ಚಾಗಿ ತೆರೆಯುವುದು. ಎರಡು ವಾರ ಹಳೆಯ ಪ್ರಕಟಣೆಗೆ ಹಾಕಿದ್ದು ಹೊಳೆಗೆ ಹುಣಸೆಹಣ್ಣು ಹಿಂಡಿದಂತೆ. ಆ ಕಂಪನಿಯಲ್ಲಿ ನಿಮ್ಮ ಕಾಲೇಜಿನವರು ಯಾರಾದರೂ ಇದ್ದಾರೆಯೇ ಎಂದು ಲಿಂಕ್ಡ್‌ಇನ್‌ನಲ್ಲಿ ನೋಡಿ ಅವರಿಗೊಂದು ಸಂದೇಶ ಹಾಕುವುದು ಅರ್ಜಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಹಾಗೆ ನೋಡಿದರೆ ಜಾಲತಾಣದ ನಿಜವಾದ ಉಪಯೋಗ ಮುಂದಿನ ದಾರಿಗೆ ವಿಳಾಸ ಹುಡುಕಿಕೊಡುವುದು.

ಪರಿಚಯದವರು

ಮಲೆನಾಡಿನವರಿಗೆ ಬಂಧುಬಳಗಕ್ಕೆ ಬರವಿಲ್ಲ. ಒಂದು ಮದುವೆ ಮನೆಗೆ ಹೋದರೆ ಬೆಂಗಳೂರು, ಮಂಗಳೂರು, ಮಣಿಪಾಲ, ಮಸ್ಕತ್ ಎಲ್ಲ ಕಡೆಯಲ್ಲಿ ಕೆಲಸದಲ್ಲಿರುವವರೂ ಸಿಗುತ್ತಾರೆ. ಆದರೂ ಪರಿಚಯದಿಂದ ಕೆಲಸ ಸಿಗುವುದು ಕಡಿಮೆ. ಕಾರಣ, ಕೇಳುವ ರೀತಿ. "ಎಲ್ಲಾದರೂ ಏನಾದರೂ ಕೆಲಸ ಇದ್ದರೆ ಹೇಳಿ ಮಾವ" ಎಂದರೆ ಮಾವ "ಆಯ್ತಪ್ಪ, ನೋಡೋಣ" ಎನ್ನುತ್ತಾರೆ. ಅವರು ನೋಡುವುದಿಲ್ಲ ಎಂದಲ್ಲ. ಏನನ್ನು ನೋಡಬೇಕು ಎಂದು ಅವರಿಗೆ ಗೊತ್ತಿಲ್ಲ.

ಇನ್ನೊಂದು ಕಾರಣ, ಕೇಳುವ ಜನ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರಿಚಯದವರ ಮೂಲಕ ಕೆಲಸ ಸಿಕ್ಕಿದವರನ್ನು ಆ ಪರಿಚಯದವರು ಎಷ್ಟು ಬಾರಿ ಭೇಟಿಯಾಗುತ್ತಿದ್ದರು ಎಂದು ಕೇಳಿದ್ದರು. ವಾರಕ್ಕೆ ಎರಡು ಸಲವಾದರೂ ಭೇಟಿಯಾಗುವ ಆಪ್ತರಿಂದ ಕೆಲಸ ಸಿಕ್ಕಿದ್ದು ನೂರಕ್ಕೆ ಸುಮಾರು 17 ಜನರಿಗೆ. ಆಗೊಮ್ಮೆ ಈಗೊಮ್ಮೆ ಸಿಗುವವರಿಂದ 56 ಜನರಿಗೆ, ಅಪರೂಪಕ್ಕೆ ಸಿಗುವವರಿಂದ 28 ಜನರಿಗೆ. ಆಪ್ತರಿಗೆ ಪ್ರೀತಿ ಕಡಿಮೆ ಎಂದು ಇದರ ಅರ್ಥವಲ್ಲ. ನಿಮಗೆ ಗೊತ್ತಿರುವುದೇ ಅವರಿಗೂ ಗೊತ್ತಿರುತ್ತದೆ, ನೀವು ಓಡಾಡುವ ಜಾಗದಲ್ಲೇ ಅವರೂ ಓಡಾಡುತ್ತಾರೆ. ದೂರದವರಿಗೆ ಬೇರೆ ಲೋಕದ ಸುದ್ದಿ ಇರುತ್ತದೆ. ಲಿಂಕ್ಡ್‌ಇನ್‌ನ ಎರಡು ಕೋಟಿ ಬಳಕೆದಾರರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ, ತೀರಾ ಆಪ್ತರೂ ಅಲ್ಲದ ತೀರಾ ಅಪರಿಚಿತರೂ ಅಲ್ಲದ ನಡುವಿನ ಪರಿಚಯವೇ ಕೆಲಸ ಬದಲಿಸಲು ಹೆಚ್ಚು ನೆರವಾಗಿತ್ತು.

ನಮ್ಮ ಕಡೆಗೆ ಇದನ್ನು ಹೊಂದಿಸಿದರೆ ಯಾರು ಸಿಗುತ್ತಾರೆ? ಎರಡು ವರ್ಷ ಸೀನಿಯರ್ ಆಗಿದ್ದ ಹಾಸ್ಟೆಲಿನ ಹುಡುಗ. ನಿಮ್ಮ ಪ್ರಾಜೆಕ್ಟ್ ನೋಡಿದ್ದ ಉಪನ್ಯಾಸಕಿ. ಮನೆಗೆ ಅಡಿಕೆ ಲೆಕ್ಕ ಬರೆದುಕೊಡುವ ಮಂಡಿಯ ಗುಮಾಸ್ತರು. ತಂಗಿಯ ಗೆಳತಿಯ ಅಣ್ಣ. ಸಹಕಾರ ಸಂಘದ ಕಾರ್ಯದರ್ಶಿ. ಊರಿನ ಸಹಕಾರ ಸಂಘದ ಕಾರ್ಯದರ್ಶಿಗೆ ಬ್ಯಾಂಕು, ಲೆಕ್ಕಪರಿಶೋಧಕರು, ಗೊಬ್ಬರದ ವಿತರಕರು, ಅಡಿಕೆ ಮಾರಾಟದ ಸಹಕಾರ ಸಂಸ್ಥೆ ಮ್ಯಾಮ್‌ಕೋಸ್ ಎಲ್ಲರ ಜತೆ ವ್ಯವಹಾರವಿರುತ್ತದೆ. ನಿರುದ್ಯೋಗಿ ಮಕ್ಕಳು ಅವರನ್ನು ಕೇಳುವುದೇ ಇಲ್ಲ. ಅವರೇನು ಕಂಪನಿಯವರೇ ಎಂಬ ಭಾವನೆ.

ಕೇಳುವಾಗ ಮೂರು ವಿಷಯ ಸ್ಪಷ್ಟವಿರಲಿ: ಏನು ಬರುತ್ತದೆ, ಎಲ್ಲಿ ಬೇಕು, ಅವರಿಂದ ಏನು ಬೇಕು. ಹೀಗೆ ಬರೆಯಬಹುದು: "ನಮಸ್ಕಾರ ಮೇಡಂ. ಸಾಗರದ ಕಾಲೇಜಿನಲ್ಲಿ ನಿಮ್ಮ ವಿದ್ಯಾರ್ಥಿನಿಯಾಗಿದ್ದೆ. ಟ್ಯಾಲಿ ಮತ್ತು ಜಿಎಸ್‌ಟಿ ರಿಟರ್ನ್ ಕೆಲಸ ಒಂದು ವರ್ಷ ಮಾಡಿದ್ದೇನೆ. ಶಿವಮೊಗ್ಗ ನಗರದಲ್ಲಿ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕೆಲಸ ಹುಡುಕುತ್ತಿದ್ದೇನೆ. ನಿಮಗೆ ಪರಿಚಯವಿರುವ ಒಬ್ಬರ ಹೆಸರು ಹೇಳಿದರೆ ನಾನೇ ಹೋಗಿ ಮಾತನಾಡುತ್ತೇನೆ." ಇಲ್ಲಿ ಕೆಲಸ ಕೊಡಿಸಿ ಎಂದು ಕೇಳಿಲ್ಲ, ಒಂದು ಹೆಸರು ಕೇಳಿದೆ. ಕೆಲಸ ಕೊಡಿಸುವುದು ಯಾರಿಗೂ ಭಾರ. ಹೆಸರು ಹೇಳುವುದು ಹಗುರ. ಉತ್ತರವೂ ಅಂದೇ ಬರುತ್ತದೆ, ತಪ್ಪಿದರೆ ವಾರದೊಳಗೆ. ಬಾರದಿದ್ದರೆ ಒಮ್ಮೆ ನೆನಪಿಸಿ, ಎರಡನೆಯ ಸಲ ಬೇಡ. ಕೆಲಸ ಸಿಕ್ಕ ಮೇಲೆ ಹೆಸರು ಹೇಳಿದವರಿಗೆ ಫೋನ್ ಮಾಡಿ ತಿಳಿಸುವುದನ್ನು ಮಾತ್ರ ಮರೆಯಬಾರದು. ಬಹಳಷ್ಟು ಜನ ಮರೆಯುತ್ತಾರೆ.

ನೇರ ಭೇಟಿ

ಹಳೆಯ ಕಾಲದ ಪದ್ಧತಿ ಎಂದು ಹುಡುಗರು ನಗುತ್ತಾರೆ. ಊರಿನಲ್ಲೇ ಕೆಲಸ ಬೇಕೆನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಶಿವಮೊಗ್ಗ, ಭದ್ರಾವತಿಯ ಸಣ್ಣ ಉದ್ಯಮಗಳು ಜಾಲತಾಣದಲ್ಲಿ ಪ್ರಕಟಣೆ ಕೊಡುವುದು ಕಡಿಮೆ. ಮಾಚೇನಹಳ್ಳಿ ಮತ್ತು ಸಾಗರ ರಸ್ತೆಯ ಕೈಗಾರಿಕಾ ಪ್ರದೇಶಗಳ ಫೌಂಡ್ರಿ, ಯಂತ್ರಭಾಗ ಘಟಕಗಳು, ಉಡುಪು ಕಾರ್ಖಾನೆ, ವಾಹನ ಷೋರೂಂ, ಖಾಸಗಿ ಆಸ್ಪತ್ರೆಗಳು, ಎಪಿಎಂಸಿಯ ಅಡಿಕೆ ಮಂಡಿಗಳು, ಲೆಕ್ಕಪರಿಶೋಧಕರ ಕಚೇರಿಗಳು, ಇಲ್ಲೆಲ್ಲ ಒಬ್ಬರು ಬಿಟ್ಟರೆ "ಯಾರಾದರೂ ಇದ್ದಾರಾ" ಎಂದು ಒಳಗೇ ಕೇಳುತ್ತಾರೆ. ಆ ಹೊತ್ತಿಗೆ ಮೇಜಿನ ಮೇಲೆ ಒಂದು ಸ್ವವಿವರ ಇದ್ದರೆ ಅದೇ ಕೈಗೆ ಬರುತ್ತದೆ.

ಸಮಯ ನೋಡಿ ಹೋಗಬೇಕು. ಸೋಮವಾರ ಬೆಳಗ್ಗೆ ಬೇಡ, ಸಂಬಳದ ಹಿಂದುಮುಂದಿನ ದಿನಗಳಲ್ಲಿ ಬೇಡ. ಲೆಕ್ಕದ ಕಚೇರಿಗಳಿಗೆ ಜಿಎಸ್‌ಟಿ ರಿಟರ್ನ್ ಸಲ್ಲಿಸುವ ತಿಂಗಳ 20ನೇ ತಾರೀಖಿನ ಸುತ್ತ ಹೋದರೆ ಮುಖ ಎತ್ತಿ ನೋಡುವವರೂ ಇರುವುದಿಲ್ಲ. ಅಡಿಕೆ ಮಂಡಿಯವರಿಗೆ ಕೊಯ್ಲಿನ ಹಂಗಾಮು ಶುರುವಾಗುವ ಮೊದಲೇ, ದಸರಾ ಹೊತ್ತಿಗೆ ಸಿಗಬೇಕು. ಆಗ ಅವರಿಗೆ ಬರೆಯುವ ಕೈ ಬೇಕಿರುತ್ತದೆ. ಚಿಕ್ಕಮಗಳೂರು ಕಡೆಯ ಕಾಫಿ ತೋಟಗಳಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸಕ್ಕೂ ಇದೇ ಮಾತು.

ನಮ್ಮಲ್ಲಿಗೆ ಹೊಸನಗರ ಕಡೆಯ ಹುಡುಗಿಯೊಬ್ಬಳು ಹೀಗೆಯೇ ಬಂದಳು. ನಾವು ಯಾವ ಪ್ರಕಟಣೆಯನ್ನೂ ಕೊಟ್ಟಿರಲಿಲ್ಲ. ಒಂದು ಹಂಗಾಮು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆದಿದ್ದಳು. ಸ್ವವಿವರದ ಹಿಂದೆ ಒಂದು ಎಕ್ಸೆಲ್ ಹಾಳೆಯ ಪ್ರತಿ ಲಗತ್ತಿಸಿದ್ದಳು: ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಅಡಿಕೆಯ ಬಗೆಗಳಿಗೆ ನಾಲ್ಕು ಕಾಲಂ, ಚೀಲ, ತೂಕ, ದರ, ಮುಂಗಡ, ಬಾಕಿ. ರೈತರ ಹೆಸರುಗಳ ಮೇಲೆಲ್ಲ ಕಪ್ಪು ಪಟ್ಟಿ ಎಳೆದಿದ್ದಳು. ನಮ್ಮ ಯಜಮಾನರು ಲೆಕ್ಕವನ್ನು ನೋಡುವ ಮೊದಲು ಆ ಕಪ್ಪು ಪಟ್ಟಿಗಳನ್ನು ನೋಡಿದರು. "ಇದು ಯಾಕೆ?" ಎಂದರು. "ಅದು ಅವರ ವ್ಯವಹಾರ ಸರ್, ತೋರಿಸಬಾರದಲ್ಲ" ಎಂದಳು. ಅಡಿಕೆಗೂ ಯಂತ್ರಭಾಗಕ್ಕೂ ಸಂಬಂಧವಿಲ್ಲ. ಆದರೆ ಸಾಮಗ್ರಿ ದಾಸ್ತಾನಿನ ಲೆಕ್ಕಕ್ಕೆ ನಮಗೆ ಜನ ಬೇಕಿತ್ತು, ಇನ್ನೂ ಪ್ರಕಟಣೆ ಕೊಡಬೇಕೆಂದು ಯೋಚಿಸುತ್ತಿದ್ದೆವಷ್ಟೆ.

ಮಾಡಿದ ಕೆಲಸದ ಒಂದು ತುಣುಕನ್ನು ಜತೆಗೆ ಒಯ್ಯಿರಿ ಎಂಬುದಷ್ಟೇ ಇದರ ತಾತ್ಪರ್ಯ. ಐಟಿಐ ಮುಗಿಸಿದವರಾದರೆ ತಯಾರಿಸಿದ ಬಿಡಿಭಾಗದ ಫೋಟೊ ಮತ್ತು ಡ್ರಾಯಿಂಗ್, ಬಿಎ ಕನ್ನಡದವರಾದರೆ ಕರಡು ತಿದ್ದಿದ ಒಂದು ಪುಟ. ಈ ದಾರಿಯಲ್ಲಿ ಉತ್ತರ ಹೆಚ್ಚಾಗಿ ಅಂದೇ ಸಿಗುತ್ತದೆ. ಕಾವಲುಗಾರನೇ ಹಿಂದೆ ಕಳಿಸಿದರೆ ಅದೂ ಉತ್ತರವೇ. ಮುಜುಗರವೊಂದು ಇದರ ಬೆಲೆ, ಮತ್ತು ಬಸ್ಸಿನ ಖರ್ಚು.

ಮೇಳ, ವಿನಿಮಯ ಕೇಂದ್ರ, ಅಪ್ರೆಂಟಿಸ್, ಏಜೆಂಟರು

ಉದ್ಯೋಗ ಮೇಳದಲ್ಲಿ ಉತ್ತರ ಬೇಗ ಸಿಗುತ್ತದೆ, ಆದರೆ ತೆಳು. ಮಾರಾಟ, ಸಾಲ ವಸೂಲಿ, ಟೆಲಿಕಾಲಿಂಗ್, ಉಡುಪು ಕಾರ್ಖಾನೆಯ ಹುದ್ದೆಗಳೇ ಅಲ್ಲಿ ಹೆಚ್ಚು. ನಾಲ್ಕು ಸಂದರ್ಶನ ಒಂದೇ ದಿನ ಎದುರಿಸುವ ಅಭ್ಯಾಸಕ್ಕಾದರೂ ಒಮ್ಮೆ ಹೋಗಿ ಬರಬಹುದು. ಉದ್ಯೋಗ ವಿನಿಮಯ ಕೇಂದ್ರದಲ್ಲಿ ನೋಂದಣಿ ಮಾಡಿಸಿ ಮರೆತುಬಿಡಿ. ಕರೆ ಬಂದರೆ ಬಂತು. ರಾಜ್ಯ ಸರ್ಕಾರದ ಸ್ಕಿಲ್ ಕನೆಕ್ಟ್ ತಾಣದಲ್ಲೂ ಹಾಗೆಯೇ.

ಇವುಗಳ ನಡುವೆ ಅಪ್ರೆಂಟಿಸ್ ತರಬೇತಿಗೆ ಸಿಗಬೇಕಾದ ಗೌರವ ಸಿಕ್ಕಿಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಕಂಪನಿಗಳು ತರಬೇತಿ ಕೊಟ್ಟು ಭತ್ಯೆ ಕೊಡಬೇಕು. 2019ರ ತಿದ್ದುಪಡಿಯಲ್ಲಿ ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ನಿಗದಿಯಾಗಿತ್ತು. ಇಷ್ಟಕ್ಕೇಕೆ ಹೋಗಬೇಕು ಎನ್ನುತ್ತಾರೆ. ಮನೆಯಲ್ಲಿ ಕೂತರೆ ಅದೂ ಇಲ್ಲ, ಮೇಲಾಗಿ ವರ್ಷದ ಕೊನೆಗೆ ಅನುಭವದ ಕಾಲಂ ಖಾಲಿಯಿರುವುದಿಲ್ಲ. ಡಿಪ್ಲೊಮಾ, ಐಟಿಐ ಮುಗಿಸಿದವರಂತೂ ಬೇರೆ ಯೋಚನೆ ಮಾಡದೆ ಇದನ್ನು ಮೊದಲು ನೋಡಬೇಕು.

ಎಲ್ಲರಿಗಿಂತ ಬೇಗ "ಹೌದು" ಎನ್ನುವವರು ಹಣ ಕೇಳುವ ಏಜೆಂಟರು. ನನ್ನ ಅಳತೆಗೋಲು ಕೈಕೊಡುವುದು ಇಲ್ಲಿ ಮಾತ್ರ. ನೋಂದಣಿ ಶುಲ್ಕ, ತರಬೇತಿ ಶುಲ್ಕ, ಸಮವಸ್ತ್ರದ ಠೇವಣಿ, ಲ್ಯಾಪ್‌ಟಾಪ್ ಠೇವಣಿ, ಹೆಸರು ಯಾವುದಾದರೂ ಕೆಲಸ ಕೊಡುವವರು ಕೆಲಸಕ್ಕಾಗಿ ನಿಮ್ಮಿಂದ ಹಣ ಕೇಳಿದರೆ ಮಾತು ಅಲ್ಲಿಗೇ ನಿಲ್ಲಿಸಿ. ಥಾಯ್ಲೆಂಡ್‌ನಲ್ಲಿ ಡೇಟಾ ಎಂಟ್ರಿ ಕೆಲಸವೆಂದು ಕರೆದೊಯ್ದು ಮ್ಯಾನ್ಮಾರ್, ಕಾಂಬೋಡಿಯದ ಸೈಬರ್ ವಂಚನೆಯ ಕೇಂದ್ರಗಳಲ್ಲಿ ಕೂಡಿಹಾಕಿದ ಪ್ರಕರಣಗಳು ಭಾರತದ ಅನೇಕ ರಾಜ್ಯಗಳಿಂದ ವರದಿಯಾಗಿವೆ. ವಿದೇಶದ ಕೆಲಸವಾದರೆ ಏಜೆಂಟರು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ನೋಂದಾಯಿತರೇ ಎಂದು ನೋಡದೆ ಪಾಸ್‌ಪೋರ್ಟ್ ಕೈಗೆ ಕೊಡಬೇಡಿ. ಹಣ ಹೋಗಿಯೇಬಿಟ್ಟಿದ್ದರೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ತಕ್ಷಣ ಕರೆ ಮಾಡಿ. ನಾಚಿಕೆಯಿಂದ ಎರಡು ದಿನ ಸುಮ್ಮನಿದ್ದರೆ ಹಣ ಕೈದಾಟಿರುತ್ತದೆ.

ಊರಲ್ಲಿದ್ದು ಹುಡುಕುವುದೋ, ಬೆಂಗಳೂರಿಗೆ ಹೋಗಿ ಹುಡುಕುವುದೋ

"ಅಲ್ಲಿಗೆ ಹೋದರೆ ಏನಾದರೂ ಆಗುತ್ತದೆ" ಎಂದು ಹೋಗುವವರಿಗೆ ಮೊದಲ ತಿಂಗಳು ಬೆಂಗಳೂರು ತೋರಿಸುವುದು ಪಿಜಿಯ ಬಾಡಿಗೆಯನ್ನು. ಊಟ ಸೇರಿ ತಿಂಗಳಿಗೆ ಎಂಟು ಹತ್ತು ಸಾವಿರ, ಮುಂಗಡ ಬೇರೆ. ಕೈಯಲ್ಲಿರುವ ಹಣ ಕರಗುವ ವೇಗ ನೋಡಿ ಮೂರನೆಯ ತಿಂಗಳು ಸಿಕ್ಕ ಮೊದಲ ಕೆಲಸಕ್ಕೆ ತಲೆಯೊಡ್ಡುತ್ತಾರೆ. ಊರಲ್ಲಿದ್ದರೆ ಆ ಆತುರವಿಲ್ಲ, ಆದರೆ ಇನ್ನೊಂದು ತೊಡಕಿದೆ: ನಾಳೆ ಬನ್ನಿ ಎಂದರೆ ಹೋಗಲಾಗುವುದಿಲ್ಲ ಎಂದು ವಿಳಾಸ ನೋಡಿಯೇ ಕೆಲವರು ಅರ್ಜಿ ಬದಿಗಿಡುತ್ತಾರೆ.

ನಡುವಿನ ದಾರಿ ಇದೆ. ಬೆಳಗಿನ ಜಾವದ ಜನಶತಾಬ್ದಿಯಲ್ಲಿ ಹೋಗಿ ಸಂಜೆ ಅದರಲ್ಲೇ ಹಿಂದಿರುಗಬಹುದು. ಸಂದರ್ಶನಗಳನ್ನು ಒಂದೇ ವಾರಕ್ಕೆ ಕೂಡಿಸಿಕೊಂಡು, ಅಣ್ಣನ ಮನೆಯಲ್ಲೋ ಗೆಳತಿಯ ಪಿಜಿಯಲ್ಲೋ ನಾಲ್ಕು ದಿನ ಇದ್ದು ಬರುವುದು ಇನ್ನೂ ಒಳ್ಳೆಯದು. ಸ್ವವಿವರದಲ್ಲಿ "ಎರಡು ದಿನದ ಸೂಚನೆಯಲ್ಲಿ ಬೆಂಗಳೂರಿಗೆ ಬರಬಲ್ಲೆ" ಎಂದು ಸ್ಪಷ್ಟವಾಗಿ ಬರೆದರೆ ವಿಳಾಸದ ತೊಡಕು ಅರ್ಧ ಕಳೆಯುತ್ತದೆ. ಈಗ ಮೊದಲ ಸುತ್ತು ಹೆಚ್ಚಾಗಿ ಆನ್‌ಲೈನ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗುಂಬೆ, ಬಿದನೂರು ನಗರ, ಹೊಸನಗರದ ಮಳೆಯಲ್ಲಿ ಕರೆಂಟನ್ನು ನಂಬಿ ಸಂದರ್ಶನಕ್ಕೆ ಕೂರಬೇಡಿ. ಗುಡ್ಡದ ಮೇಲೆ ಕೊಡೆ ಹಿಡಿದು ನಿಂತು ಸಿಗ್ನಲ್ ಹುಡುಕುತ್ತ ಮಾತನಾಡಿದ ಅಭ್ಯರ್ಥಿಯ ಮೇಲೆ ನಮಗೆ ಮರುಕ ಬಂತು, ಉತ್ತರಗಳು ಮಾತ್ರ ಕೇಳಿಸಲಿಲ್ಲ. ಹಿಂದಿನ ದಿನವೇ ತೀರ್ಥಹಳ್ಳಿಗೋ ಸಾಗರಕ್ಕೋ ಬಂದು ನೆಂಟರ ಮನೆಯಲ್ಲಿ ಉಳಿಯಿರಿ.

ಸಾಫ್ಟ್‌ವೇರ್, ಬಯೋಟೆಕ್, ದೊಡ್ಡ ಜಾಹೀರಾತು ಸಂಸ್ಥೆ, ಇಂಥ ಕ್ಷೇತ್ರದವರಿಗೆ ಈ ಚರ್ಚೆಯೇ ಬೇಡ, ಬೆಂಗಳೂರೇ ಸರಿ. ಲೆಕ್ಕಪತ್ರ, ನರ್ಸಿಂಗ್, ಯಂತ್ರ ಕೆಲಸ, ಶಿಕ್ಷಣದವರು ಮೊದಲು ಶಿವಮೊಗ್ಗ, ಆಮೇಲೆ ಮಂಗಳೂರು-ಮಣಿಪಾಲ, ಕೊನೆಗೆ ಬೆಂಗಳೂರು ಎಂದು ನೋಡಲಿ.

ಹುಡುಕುವ ತಿಂಗಳುಗಳಲ್ಲಿ ಮನಸ್ಸು

1930ರ ಸುಮಾರಿಗೆ ಆಸ್ಟ್ರಿಯದ ಮರಿಯೆಂಥಾಲ್ ಎಂಬ ಹಳ್ಳಿಯ ಬಟ್ಟೆ ಗಿರಣಿ ಮುಚ್ಚಿ ಊರಿಗೆ ಊರೇ ಕೆಲಸ ಕಳೆದುಕೊಂಡಿತು. ಸಮಾಜ ಮನೋವಿಜ್ಞಾನಿ ಮರೀ ಯಹೋದಾ ಮತ್ತು ಸಂಗಡಿಗರು ಅಲ್ಲಿಗೆ ಹೋಗಿ ಜನರ ದಿನಚರಿಯನ್ನು ಅಧ್ಯಯನ ಮಾಡಿ 1933ರಲ್ಲಿ ಪ್ರಕಟಿಸಿದರು. ಕಿಟಕಿಯ ಹಿಂದೆ ಕುಳಿತು ಗಡಿಯಾರ ಹಿಡಿದು ಬೀದಿಯಲ್ಲಿ ಜನ ನಡೆಯುವ ವೇಗವನ್ನೂ ಅಳೆದರು. ಗಂಡಸರ ನಡಿಗೆ ನಿಧಾನವಾಗಿತ್ತು, ದಾರಿಯಲ್ಲಿ ಮತ್ತೆ ಮತ್ತೆ ನಿಲ್ಲುತ್ತಿದ್ದರು. ಬಿಡುವು ಬೇಕಾದಷ್ಟಿತ್ತು, ಆದರೂ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಎರಡು ವರ್ಷದಲ್ಲಿ ಅರ್ಧಕ್ಕೆ ಹತ್ತಿರ ಇಳಿದಿತ್ತು. ಸಂಬಳದ ಜತೆ ದಿನದ ಕಟ್ಟು, ಜನರ ಒಡನಾಟ, ತಾನೂ ಬೇಕಾದವನು ಎಂಬ ಭಾವ ಎಲ್ಲವೂ ಹೋಗುತ್ತದೆ ಎಂದು ಯಹೋದಾ ಮುಂದೆ ವಿವರಿಸಿದರು. 2015ರಲ್ಲಿ ಎಂಪಿಎಂ ಕಾಗದ ಕಾರ್ಖಾನೆ ಉತ್ಪಾದನೆ ನಿಲ್ಲಿಸಿದ ಮೇಲಿನ ಭದ್ರಾವತಿಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾಗಿ "ಧೈರ್ಯವಾಗಿರು, ಒಳ್ಳೆಯದಾಗುತ್ತದೆ" ಎಂಬ ಮಾತಿಗಿಂತ ದಿನಕ್ಕೊಂದು ಕಟ್ಟು ಹಾಕಿಕೊಳ್ಳುವುದು ಹೆಚ್ಚು ಪ್ರಯೋಜನಕ್ಕೆ ಬರುತ್ತದೆ. ಬೆಳಗ್ಗೆ ಹತ್ತಕ್ಕೆ ಮನೆಯಿಂದ ಹೊರಬೀಳಿ, ಗ್ರಂಥಾಲಯವೋ ಗೆಳೆಯನ ಅಂಗಡಿಯೋ ಯಾವುದಾದರೂ ಸರಿ. ಎರಡು ಗಂಟೆ ಹುಡುಕಾಟ ಸಾಕು; ದಿನವಿಡೀ ಮೊಬೈಲ್ ತೀಡಿದರೆ ಹುಡುಕಿದಂತೆ ಅನಿಸುತ್ತದೆ, ಹುಡುಕಿರುವುದಿಲ್ಲ. ಉಳಿದ ಹೊತ್ತು ಏನನ್ನಾದರೂ ಕಲಿಯಲು ಇಲ್ಲವೇ ಸಣ್ಣ ದುಡಿಮೆಗೆ. ವಾರದ ಲೆಕ್ಕವನ್ನು ನಿಮ್ಮ ಕೈಯಲ್ಲಿರುವುದರಿಂದ ಮಾಡಿ: ಎಷ್ಟು ಜನರನ್ನು ಹೆಸರು ಕೇಳಿದೆ, ಎಷ್ಟು ಕಡೆ ಖುದ್ದಾಗಿ ಹೋದೆ, ಎಷ್ಟು ಉತ್ತರ ಬಂತು. ಎರಡು ವಾರ ಉತ್ತರವೇ ಬರದಿದ್ದರೆ ದಾರಿ ಬದಲಿಸಿ, ನಿಮ್ಮನ್ನು ಬೈದುಕೊಳ್ಳಬೇಡಿ.

ಮನೆಯವರ ಪ್ರಶ್ನೆ ಇನ್ನೊಂದು ಪೀಡೆ. ಊಟಕ್ಕೆ ಕೂತಾಗಲೆಲ್ಲ "ಏನಾಯಿತು?" ಎಂದರೆ ಅನ್ನ ಇಳಿಯುವುದಿಲ್ಲ. ಅವರ ಕಾಳಜಿಯೂ ಸುಳ್ಳಲ್ಲ. ಭಾನುವಾರ ಸಂಜೆ ನೀವಾಗಿಯೇ ಕೂತು ಆ ವಾರದ ಲೆಕ್ಕ ಹೇಳಿ, ಉಳಿದ ಆರು ದಿನ ಕೇಳಬೇಡಿ ಎಂದು ಒಪ್ಪಿಸಿ. ಹೆಚ್ಚಿನ ಅಪ್ಪ ಅಮ್ಮಂದಿರು ಒಪ್ಪುತ್ತಾರೆ. ಅಜ್ಜಿಯರ ಬಗ್ಗೆ ಭರವಸೆ ಕೊಡಲಾರೆ.

ಯುವನಿಧಿಗೆ ಅರ್ಹರಿದ್ದರೆ ಸಂಕೋಚವಿಲ್ಲದೆ ಅರ್ಜಿ ಹಾಕಿ. 2024ರ ಜನವರಿ 12ರಂದು ಅದಕ್ಕೆ ಚಾಲನೆ ಸಿಕ್ಕಿದ್ದೇ ಶಿವಮೊಗ್ಗದ ಫ್ರೀಡಂ ಪಾರ್ಕ್‌ನಲ್ಲಿ. ಪದವಿ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಗರಿಷ್ಠ ಎರಡು ವರ್ಷ. ಕೆಲಸ ಸಿಕ್ಕಿಲ್ಲ ಎಂಬ ಸ್ವಯಂ ಘೋಷಣೆಯನ್ನು ಕಾಲಕಾಲಕ್ಕೆ ಸಲ್ಲಿಸದಿದ್ದರೆ ಹಣ ನಿಲ್ಲುತ್ತದೆ. ಬಸ್ಸಿನ ಖರ್ಚಿಗೆ ಮನೆಯಲ್ಲಿ ಕೈಯೊಡ್ಡದೆ ಹೋಗಿಬರುವುದಕ್ಕೆ ಅಷ್ಟು ಸಾಕು.

ಎರಡು ಕಡೆ ಕರೆ ಬಂದರೆ

ಶಿವಮೊಗ್ಗದಲ್ಲಿ 16,000, ಬೆಂಗಳೂರಿನಲ್ಲಿ 24,000 ಎಂದಿಟ್ಟುಕೊಳ್ಳಿ. ಬೆಂಗಳೂರಿನದ್ದರಲ್ಲಿ ಪಿಜಿಗೆ ಒಂಬತ್ತು, ಓಡಾಟಕ್ಕೆ ಎರಡು, ಊರಿಗೆ ಬಂದುಹೋಗಲು ಎರಡು ಸಾವಿರ ಕಳೆದರೆ ಉಳಿಯುವುದು ಹನ್ನೊಂದು. ಮನೆಯಲ್ಲಿದ್ದು ಶಿವಮೊಗ್ಗಕ್ಕೆ ಹೋಗಿಬಂದರೆ ಹದಿಮೂರು ಉಳಿಯುತ್ತದೆ. ಆದರೆ ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. ಒಂದು ವರ್ಷದ ಕೊನೆಗೆ ಯಾವ ಕೆಲಸದಲ್ಲಿ ಹೊಸದಾಗಿ ಏನು ಕಲಿತಿರುತ್ತೀರಿ ಎಂದು ಕೇಳಿಕೊಳ್ಳಿ. ಬೆಂಗಳೂರಿನದ್ದು ಟೆಲಿಕಾಲಿಂಗ್ ಆಗಿ ಶಿವಮೊಗ್ಗದ್ದು ಲೆಕ್ಕಪರಿಶೋಧನೆಯಾಗಿದ್ದರೆ ನಾನು ಎರಡನೆಯದನ್ನೇ ಆರಿಸುತ್ತೇನೆ. ಎರಡೂ ಕಡೆ ಕಲಿಕೆ ಒಂದೇ ಆದರೆ ಬೆಂಗಳೂರು, ಏಕೆಂದರೆ ಅಲ್ಲಿ ಎರಡನೆಯ ಕೆಲಸ ಸಿಗುವುದು ಸುಲಭ.

ಹೇಳಿದ ಸಂಬಳ ಕೈಗೆ ಬರುವುದೋ, ನಿಮಗಾಗಿ ಕಂಪನಿಗೆ ತಗಲುವ ಒಟ್ಟು ವೆಚ್ಚವಾದ ಸಿಟಿಸಿಯೋ ಎಂದು ಬಾಯಿಬಿಟ್ಟು ಕೇಳಿ. ಸಿಟಿಸಿಯಾದರೆ ಕಂಪನಿಯ ಪಾಲಿನ ಭವಿಷ್ಯನಿಧಿಯೂ ಅದರಲ್ಲೇ ಸೇರಿರುತ್ತದೆ, ನಿಮ್ಮ ಪಾಲಿನ ಶೇ 12 ಬೇರೆ ಕಡಿತವಾಗುತ್ತದೆ. ತಿಂಗಳ ವೇತನ 21,000 ರೂಪಾಯಿಯೊಳಗಿದ್ದು ಆ ಸಂಸ್ಥೆ ನೌಕರರ ರಾಜ್ಯ ವಿಮೆಯ (ಇಎಸ್‌ಐ) ವ್ಯಾಪ್ತಿಗೆ ಬಂದರೆ ಚಿಕಿತ್ಸೆಯ ಸೌಲಭ್ಯ ಸಿಗುತ್ತದೆ. ಅದನ್ನು ಮರೆತು ಬರೀ ಅಂಕಿ ಹೋಲಿಸಬೇಡಿ. ಮೂಲ ಅಂಕಪಟ್ಟಿಗಳನ್ನು ಇಟ್ಟುಕೊಳ್ಳುತ್ತೇವೆ ಎನ್ನುವ ಕಡೆ ಸೇರಬೇಡಿ. ಹುದ್ದೆ, ಸಂಬಳ, ಸೇರುವ ದಿನಾಂಕ ಬರಹದಲ್ಲಿ ಕೈಗೆ ಬರುವವರೆಗೆ ಬೇರೆ ಕಡೆ ನಿಗದಿಯಾಗಿರುವ ಸಂದರ್ಶನಗಳನ್ನು ರದ್ದು ಮಾಡಬೇಡಿ. ಬಂದ ಮೇಲೆ ಮಾತ್ರ ಅವರಿಗೆ ಅಂದೇ ಫೋನ್ ಮಾಡಿ ಬರುವುದಿಲ್ಲವೆಂದು ಹೇಳಿ. ಅವರೂ ಉತ್ತರಕ್ಕೆ ಕಾಯುತ್ತಿರುತ್ತಾರೆ.